ಸ್ವಿಚ್ ಮುಟ್ಟಬೇಡಿ, ಲೈಟ್ ನಾನು ಹಾಕ್ತೀನಿ

ಮನೆಯಲ್ಲಿ ಸ್ಮಾರ್ಟ್ ಲೈಟ್ ಇದೆಯೋ ಇಲ್ಲವೋ ಅಂತ ತಿಳಿಯಲು ಬಲ್ಬ್ ನೋಡಬೇಕಾಗಿಲ್ಲ. ಸ್ವಿಚ್ ಬೋರ್ಡ್ ನೋಡಿದರೆ ಸಾಕು. ಯಾವುದಾದರೂ ಒಂದು ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿರುತ್ತದೆ. ಅದರ ಕೆಳಗೊಂದು ಚೀಟಿ: 'ಆಫ್ ಮಾಡಬೇಡಿ'. ಟೇಪಿನ ಒಂದು ಅಂಚು ಎದ್ದು, ಬೆರಳಿನ ಕೊಳೆ ಮೆತ್ತಿ ಕಪ್ಪಾಗಿರುತ್ತದೆ. ಚೀಟಿಯ ಮಾತನ್ನು ಯಾರೂ ಕೇಳುತ್ತಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕೇಳುವುದಾದರೂ ಹೇಗೆ? ಕೋಣೆಗೆ ಕಾಲಿಟ್ಟ ಕೂಡಲೇ ಕೈ ತಾನಾಗಿಯೇ ಗೋಡೆ ಕಡೆ ಹೋಗುತ್ತದೆ. ಕತ್ತಲಲ್ಲೂ ಬೆರಳಿಗೆ ಜಾಗ ಗೊತ್ತು. ಆದರೆ ಸ್ಮಾರ್ಟ್ ಬಲ್ಬಿಗೆ ಹಗಲೂ ರಾತ್ರಿ ಕರೆಂಟು ಬೇಕು. ಆರಿದಂತೆ ಕಂಡರೂ ಅದರೊಳಗಿನ ಪುಟ್ಟ ರೇಡಿಯೊ ಎಚ್ಚರವಾಗಿದ್ದು ಫೋನಿನ ಅಪ್ಪಣೆಗೆ ಕಾಯುತ್ತಿರುತ್ತದೆ. ತಿನ್ನುವುದು ಅರ್ಧ ವ್ಯಾಟ್ ಆಸುಪಾಸು, ಅಷ್ಟೇ. ಗೋಡೆಯ ಸ್ವಿಚ್ ಆರಿಸಿದಿರೋ, ಅದರ ಜಾಣತನವೆಲ್ಲ ಅಲ್ಲಿಗೆ ಮುಗಿಯಿತು. ಆಮೇಲೆ ಫೋನನ್ನು ಎಷ್ಟು ತಿಕ್ಕಿದರೂ ಬಲ್ಬಿಗೆ ಕೇಳಿಸುವುದಿಲ್ಲ.

ಮನೆಯವರಾದರೆ ಹೇಗೋ ಹೊಂದಿಕೊಳ್ಳುತ್ತಾರೆ. ಫಜೀತಿ ಶುರುವಾಗುವುದು ನೆಂಟರು ಬಂದಾಗ.

"ಬಾತ್‌ರೂಮ್ ಲೈಟ್ ಎಲ್ಲಪ್ಪಾ?"

"ಸ್ವಿಚ್ ಮುಟ್ಟಬೇಡಿ ಅತ್ತೆ, ಒಂದ್ನಿಮಿಷ, ನಾನು ಫೋನಲ್ಲಿ ಹಾಕ್ತೀನಿ."

"ಯಾಕೆ, ಸ್ವಿಚ್ ಕೆಟ್ಟಿದೆಯಾ?"

ಕೆಟ್ಟಿಲ್ಲ, ಸುಧಾರಿಸಿದೆ ಅಂತ ಬಾತ್‌ರೂಮ್ ಬಾಗಿಲಲ್ಲಿ ನಿಂತವರಿಗೆ ಹೇಗೆ ಹೇಳುವುದು?

ಗೋಡೆಯ ಸ್ವಿಚ್ಚಿನ ದೊಡ್ಡ ಗುಣ ಇದೇ. ನೀನು ಯಾರು ಅಂತ ಅದು ಕೇಳುವುದಿಲ್ಲ. ಖಾತೆ ಬೇಡ, ಪಾಸ್‌ವರ್ಡ್ ಬೇಡ. ಸ್ಟೂಲು ಎಳೆದುಕೊಂಡು ಹತ್ತಿದ ಮಗುವಿಗೂ ಅದು ಬೆಳಕು ಕೊಡುತ್ತದೆ. ಹೊಸ ಲೈಟು ಎಷ್ಟೇ ಜಾಣ ಆಗಿರಲಿ, ಈ ಒಂದು ಗುಣ ಕಳೆದುಕೊಂಡರೆ ನನ್ನ ಲೆಕ್ಕದಲ್ಲಿ ಅದು ಹಳೆಯದಕ್ಕಿಂತ ಕಡೆ.

ಹಾಗಾದರೆ ಬಲ್ಬನ್ನು ದಡ್ಡನಾಗಿಯೇ ಬಿಟ್ಟು ಸ್ವಿಚ್ಚನ್ನೇ ಸ್ಮಾರ್ಟ್ ಮಾಡಬಹುದಲ್ವಾ? ಮಾಡಬಹುದು. ಒತ್ತಿದರೂ ಉರಿಯುತ್ತದೆ, ಫೋನಿನಿಂದಲೂ ಉರಿಯುತ್ತದೆ. ನನ್ನ ಓಟು ಇದಕ್ಕೇ. ಆದರೆ ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ, "ನ್ಯೂಟ್ರಲ್ ಇಲ್ಲ" ಅನ್ನುವ ಸಾಧ್ಯತೆಯೂ ಇದೆ. ಎಷ್ಟೋ ಕಡೆ ಹಳೆಯ ವೈರಿಂಗಿನಲ್ಲಿ ಸ್ವಿಚ್ಚಿನ ಡಬ್ಬಿಗೆ ಬರುವುದು ಕರೆಂಟು ತರುವ ಫೇಸ್ ವೈರು ಮಾತ್ರ. ಕರೆಂಟು ಮರಳುವ ವೈರು, ಅಂದರೆ ನ್ಯೂಟ್ರಲ್, ನೇರವಾಗಿ ಲೈಟಿಗೇ ಹೋಗಿರುತ್ತದೆ. ಸುಮ್ನೆ ಕೂಡಿಸಿ ಬಿಡಿಸುವ ಸ್ವಿಚ್ಚಿಗೆ ಅಷ್ಟು ಸಾಕಿತ್ತು. ಸದಾ ಎಚ್ಚರವಾಗಿರಬೇಕಾದ ಸ್ವಿಚ್ಚಿಗೆ ತನ್ನದೇ ಕರೆಂಟು ಬೇಕು, ಅದಕ್ಕೆ ನ್ಯೂಟ್ರಲ್ ಬೇಕು. ನ್ಯೂಟ್ರಲ್ ಬೇಡದ ಮಾದರಿಗಳೂ ಇವೆ. ಅವು ಬಲ್ಬಿನ ಮೂಲಕವೇ ಒಂದಿಷ್ಟು ಕರೆಂಟನ್ನು ಹರಿಯಲು ಬಿಟ್ಟು ಅದರಲ್ಲಿ ಬದುಕುತ್ತವೆ. ಎಲ್‌ಇಡಿ ಎಷ್ಟು ಮಿತವ್ಯಯಿ ಅಂದರೆ, ಕೆಲವು ಬಲ್ಬುಗಳು ಆ ಚೂರು ಕರೆಂಟಿನಲ್ಲೇ ಉಸಿರಾಡತೊಡಗುತ್ತವೆ. ಆರಿಸಿ ಮಲಗಿದರೆ ತಲೆಯ ಮೇಲೆ ಮಿಣುಕುಹುಳದ ಹಾಗೆ ಮಿಣಿಮಿಣಿ. ಅದನ್ನು ನಿಲ್ಲಿಸಲು ಲೈಟಿನ ಜೊತೆಗೊಂದು ಕೆಪ್ಯಾಸಿಟರ್ ಕಟ್ಟಬೇಕು. ಇದನ್ನೆಲ್ಲ ಕರೆಂಟಿನ ಕೆಲಸ ಗೊತ್ತಿದ್ದವರೇ ಮಾಡಲಿ.

ಇಂಥ ಸ್ವಿಚ್ಚಿನಿಂದ ಬಲ್ಬಿನ ಬಣ್ಣ ಬದಲಾಯಿಸಲು ಆಗುವುದಿಲ್ಲ. ಇದು ಕೊರತೆಯಾ? ಬಲ್ಬಿನ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 1.6 ಕೋಟಿ ಬಣ್ಣ ಅಂತ ಬರೆದಿರುತ್ತಾರೆ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. ಮೂರನ್ನೂ ಗುಣಿಸಿದರೆ 1,67,77,216. ಲೆಕ್ಕ ಸರಿಯೇ. ಮೊದಲ ಸಂಜೆ ಮನೆಯವರೆಲ್ಲ ನೇರಳೆ ಬೆಳಕಿನಲ್ಲಿ ಕೂತು ಫೋಟೊ ತೆಗೆದುಕೊಳ್ಳುತ್ತಾರೆ. ಹಸಿರಿಗೆ ಬಂದಾಗ ಎಲ್ಲರ ಮುಖವೂ ಜ್ವರ ಬಂದು ಎದ್ದ ಹಾಗೆ ಕಾಣುತ್ತದೆ, ನಗು ಬರುತ್ತದೆ. ಅದಾದ ಮೇಲೆ ಆ ಬಣ್ಣದ ಚಕ್ರವನ್ನು ಮುಟ್ಟುವವರು ಮಕ್ಕಳು ಮಾತ್ರ. ಹಸಿರು ದೀಪದಲ್ಲಿ ಎಷ್ಟು ಹೊತ್ತು ಅಂತ ಪೇಪರ್ ಓದುತ್ತೀರಿ?

ಉಪಯೋಗಕ್ಕೆ ಬರುವ ಅಂಕಿಗಳೆಲ್ಲ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿರುತ್ತವೆ. ಮೊದಲನೆಯದು ಲ್ಯೂಮೆನ್, ಅಂದರೆ ಒಟ್ಟು ಎಷ್ಟು ಬೆಳಕು ಬರುತ್ತದೆ ಅನ್ನುವುದು. ಹಳೆಯ 60 ವ್ಯಾಟಿನ ಬಲ್ಬ್ ಕೊಡುತ್ತಿದ್ದದ್ದು ಸುಮಾರು 800. ಎರಡನೆಯದು ಕೆಲ್ವಿನ್, ಅಂದರೆ ಬೆಳಕು ಬೆಚ್ಚನೆಯ ಹಳದಿಯೋ ತಣ್ಣನೆಯ ನೀಲಿಬಿಳಿಯೋ ಅನ್ನುವುದು. ಇದರ ಲೆಕ್ಕ ತಿರುಗುಮುರುಗು: ಅಂಕಿ ಏರಿದಷ್ಟೂ ಬೆಳಕು ತಣ್ಣಗಾಗುತ್ತದೆ. ಮೇಣದಬತ್ತಿ 1900ರ ಆಸುಪಾಸು, ಹಳೆಯ ತಂತಿ ಬಲ್ಬ್ 2700, ಹಗಲು ಬೆಳಕಿನಂಥ ಬಿಳಿ 6500. 2700ಕ್ಕೂ 6500ಕ್ಕೂ ನಡುವೆ ಜಾರಬಲ್ಲ ಬಲ್ಬ್ ಇದೆಯಲ್ಲ, ಅದಕ್ಕೆ ನಾನು ದುಡ್ಡು ಕೊಡುತ್ತೇನೆ. ಮೇಲಿನ ಬಿಳಿ ಬುರುಡೆ ತೆಗೆದ ಅಂಥದ್ದೊಂದು ಬಲ್ಬ್ ಸಿಕ್ಕರೆ ನೋಡಿ. ಒಳಗಿನ ತಟ್ಟೆಯ ಮೇಲೆ ಎರಡು ಬಗೆಯ ಚುಕ್ಕೆಗಳು ಒಂದು ಬಿಟ್ಟೊಂದು ಕೂತಿರುತ್ತವೆ. ಒಂದು ಕಿತ್ತಳೆ ಕಡೆಗೆ, ಇನ್ನೊಂದು ತೆಳು ನಿಂಬೆಹಳದಿ. ಎರಡರ ಎದೆಯಲ್ಲೂ ಇರುವುದು ನೀಲಿ ಎಲ್‌ಇಡಿಯೇ. ಮೇಲಿನ ಹಳದಿ ಪುಡಿಯ ಲೇಪ ಬೇರೆ ಬೇರೆ, ಅಷ್ಟೇ. ಆ ನೀಲಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಕೆಂಪು, ಹಸಿರು ಎಲ್‌ಇಡಿಗಳು ಎಷ್ಟೋ ಮೊದಲೇ ಇದ್ದವು. ನೀಲಿ ಸಿಗದೆ ಬಿಳಿ ಬರುವಂತಿರಲಿಲ್ಲ.

ಆದರೆ ರಾತ್ರಿ ಹೊತ್ತು ಕಾಟ ಕೊಡುವುದೂ ಅದೇ ನೀಲಿ. ನೋಡಲಿಕ್ಕೆ ಇರುವ ಕೋಶಗಳ ಜೊತೆಗೆ, ಹಗಲೋ ರಾತ್ರಿಯೋ ಅಂತ ಮೈಗೆ ಸುದ್ದಿ ಮುಟ್ಟಿಸುವ ಬೇರೆ ಕೋಶಗಳೂ ಕಣ್ಣಿನಲ್ಲಿವೆ. 480 ನ್ಯಾನೊಮೀಟರ್ ಸುತ್ತಲಿನ ನೀಲಿಗೆ ಅವು ಬೇಗ ಸ್ಪಂದಿಸುತ್ತವೆ. ಮಲಗುವ ಮುಂಚೆ 6500ರ ಬಿಳಿಯಲ್ಲಿ ಕೂತರೆ ಅವು ಇನ್ನೂ ಮಧ್ಯಾಹ್ನ ಅಂದುಕೊಳ್ಳುತ್ತವೆ. ಅದಕ್ಕೇ ಸಂಜೆಯಾದ ಮೇಲೆ ಬೆಳಕು ತಾನಾಗಿ ಹಳದಿಗೆ ತಿರುಗಿ ತಗ್ಗುವಂತೆ ಒಮ್ಮೆ ಹೇಳಿಟ್ಟು ಮರೆತುಬಿಡಿ. ಇಷ್ಟಕ್ಕೆ ಮಾತ್ರ ಸ್ಮಾರ್ಟ್ ಅನ್ನುವ ಬಿರುದು ಕೊಡಬಹುದು. ಯಾರೂ ಎದ್ದು ಮಾಡದ ಕೆಲಸವನ್ನು ಅದು ಮಾಡುತ್ತಿದೆ.

ಬಲ್ಬನ್ನು ಮನೆಯ ವೈ-ಫೈಗೆ ಪರಿಚಯಿಸುವ ಪ್ರಸಂಗ ಬೇರೆಯೇ ಇದೆ. ಇಂಥ ಬಲ್ಬುಗಳಲ್ಲಿ ಬಹುಪಾಲಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಫೋನು 5ರಲ್ಲಿದ್ದರೆ ಎಷ್ಟೋ ಸಲ ಇಬ್ಬರೂ ಒಂದೇ ಕೋಣೆಯಲ್ಲಿ ಮುಖ ತಿರುಗಿಸಿ ಕೂತಿರುತ್ತಾರೆ. ವೈ-ಫೈ ಬದಲು ಝಿಗ್‌ಬೀ ಅನ್ನುವ ಬೇರೆ ರೇಡಿಯೊ ಭಾಷೆ ಆಡುವ ಬಲ್ಬುಗಳಿಗೆ ಈ ರಗಳೆ ಇಲ್ಲ. ಹಬ್ ಅನ್ನುವ ಡಬ್ಬಿಯೊಂದು ಬೇಕು, ಆಮೇಲೆ ಒಂದು ಬಲ್ಬ್ ಇನ್ನೊಂದಕ್ಕೆ ಮಾತು ದಾಟಿಸುತ್ತ ಹೋಗುತ್ತದೆ. ಚೆನ್ನಾಗಿದೆ. ಆದರೆ ನಡುಮನೆಯಲ್ಲಿ ಯಾರೋ ಗೋಡೆಯ ಸ್ವಿಚ್ ಆರಿಸಿದರೆ ಹಿತ್ತಿಲ ಬಲ್ಬಿಗೆ ಸುದ್ದಿ ಹೋಗದೆ ಇರಬಹುದು. ಮತ್ತೆ ಅದೇ ಸ್ವಿಚ್ ನೋಡಿ! ಮಗು ಸ್ವಿಚ್ಚನ್ನು ಟಕಟಕ ಅಂತ ಆಡಿಸಿದರೂ ಕಷ್ಟವೇ. ಎಷ್ಟೋ ಬಲ್ಬುಗಳಲ್ಲಿ ಹಾಗೆ ಕೆಲವು ಸಲ ಹಾಕಿ ಆರಿಸಿದರೆ ಎಲ್ಲ ಅಳಿಸಿಕೊಂಡು, ಹೊಸದಾಗಿ ಕೊಂಡಾಗ ಮಿಟುಕುತ್ತಿದ್ದ ಹಾಗೆ ಮಿಟುಕತೊಡಗುತ್ತವೆ.

ಇನ್ನೊಂದು ಮಾತು, ಕೊಂಡ ದಿನವೇ ಮಾಡಬೇಕಾದದ್ದು. ಕರೆಂಟು ಹೋಗಿ ಬಂದಾಗ ಬಲ್ಬ್ ಏನು ಮಾಡಬೇಕು ಅನ್ನುವ ಆಯ್ಕೆ ಆಪ್‌ನ ಮೂಲೆಯಲ್ಲೆಲ್ಲೋ ಇರುತ್ತದೆ. ಅದನ್ನು ಮುಟ್ಟದೆ ಬಿಟ್ಟರೆ ಅನೇಕ ಬಲ್ಬುಗಳು ಪೂರ್ತಿ ಪ್ರಕಾಶದಲ್ಲಿ ಉರಿಯುತ್ತವೆ. ನಡುರಾತ್ರಿ ಕರೆಂಟು ಬಂದರೂ ಅಷ್ಟೇ. ಮನೆಯೆಲ್ಲ ಬೆಳಗಿ, ಮಲಗಿದವರೆಲ್ಲ ಎದ್ದು ಕೂತು ಒಬ್ಬರ ಮುಖ ಒಬ್ಬರು ನೋಡಬೇಕು. 'ಹಿಂದಿನ ಸ್ಥಿತಿ' ಅನ್ನುವುದನ್ನು ಆಯ್ದಿಡಿ.

ಆಮೇಲೆ ಬಾಳಿಕೆ. ಡಬ್ಬಿಯ ಮೇಲೆ 25,000 ಗಂಟೆ ಅಂತಿದ್ದರೆ, ದಿನಕ್ಕೆ ಮೂರು ಗಂಟೆಯ ಲೆಕ್ಕದಲ್ಲಿ 22 ವರ್ಷ ದಾಟುತ್ತದೆ. ಬಲ್ಬ್ ಬದುಕೀತು. ಅದನ್ನು ಆಡಿಸುವ ಆಪ್? 2022ರ ಏಪ್ರಿಲ್‌ನಲ್ಲಿ ಸ್ಮಾರ್ಟ್ ಮನೆಯ ಸಲಕರಣೆ ಮಾರುತ್ತಿದ್ದ ಇನ್ಸ್ಟಿಯಾನ್ ಕಂಪನಿಯ ಸರ್ವರ್‌ಗಳು ಹೇಳದೆ ಕೇಳದೆ ನಿಂತುಹೋದವು. ಹಿಂದಿನ ದಿನದವರೆಗೆ ಮಾತು ಕೇಳುತ್ತಿದ್ದ ಮನೆಗಳಲ್ಲಿ ಆಪ್ ಮೂಕವಾಯಿತು. ಗೋಡೆಯ ಸ್ವಿಚ್ ಇದ್ದವರು ಎದ್ದುಹೋಗಿ ಒತ್ತಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ, ಹಲವು ಕಂಪನಿಗಳು ಸೇರಿ ಮಾಡಿದ ಮ್ಯಾಟರ್ ಅನ್ನುವ ಸಮಾನ ಮಾನದಂಡದಲ್ಲಿ ಅಪ್ಪಣೆಗಳು ಮನೆಯ ಒಳಗೇ ಓಡಾಡುತ್ತವೆ. ಒಂದು ಬಲ್ಬಿಗೆ ಆರಡಿ ದೂರದ ಫೋನಿನ ಮಾತು ಮುಟ್ಟಿಸಲು ಯಾವುದೋ ಖಂಡದ ಸರ್ವರ್ ಬೇಕಿಲ್ಲ. ಇದಕ್ಕೇ ಈಗ ಅಂಗಡಿಯಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ: "ಇಂಟರ್ನೆಟ್ ಹೋದರೆ ಇದು ಮಾತು ಕೇಳುತ್ತಾ?"

ಅಂಗಡಿಯ ಹುಡುಗ ನನ್ನನ್ನೇ ಕನಿಕರದಿಂದ ನೋಡುತ್ತಾನೆ. "ಇಂಟರ್ನೆಟ್ ಯಾಕೆ ಹೋಗುತ್ತೆ ಸಾರ್?"