ಕಂಬದ ಹಿಂದಿನ ಸೀಟು

ಹೊಸ ಕ್ರೀಡಾಂಗಣ ಕಟ್ಟುವ ಮೊದಲು ಫುಟ್‌ಬಾಲ್ ಕ್ಲಬ್‌ನವರು ಕಂಪ್ಯೂಟರ್‌ನಲ್ಲಿ ಮಾಡಿಸಿದ ಒಂದು ಚಿತ್ರ ಬಿಡುತ್ತಾರಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದರಲ್ಲಿ ಯಾವಾಗಲೂ ಬಿಸಿಲು. ಊರು ಮ್ಯಾಂಚೆಸ್ಟರ್ ಆಗಿದ್ದರೂ ಬಿಸಿಲೇ. ಜನರೆಲ್ಲ ತೆಳ್ಳಗೆ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಕೈಯಲ್ಲೊಂದು ಕಾಫಿ ಲೋಟ ಹಿಡಿದು ಆರಾಮಾಗಿ ಓಡಾಡುತ್ತಿರುತ್ತಾರೆ. ಅಪ್ಪನ ಹೆಗಲ ಮೇಲೆ ಕೂತ ಮಗುವಿನ ಕೈಯಲ್ಲಿ ಬಲೂನು. ಟಾಯ್ಲೆಟ್ ಮುಂದೆ ಕ್ಯೂ ಇಲ್ಲ. ಮೂರು ಗೋಲು ತಿಂದ ಕಳೆ ಒಬ್ಬರ ಮುಖದಲ್ಲೂ ಇಲ್ಲ. ರೆಫರಿಯ ವಂಶವನ್ನು ಜಾಲಾಡುತ್ತಿರುವ ಮುದುಕ ಹುಡುಕಿದರೂ ಸಿಗುವುದಿಲ್ಲ. ಇಂಥವರು ಫುಟ್‌ಬಾಲ್ ನೋಡೋಕೆ ಬರೋದೇ ಇಲ್ಲ, ಅಲ್ವಾ?

2025ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನವರು ಇಂಥ ಚಿತ್ರಗಳ ಒಂದು ಕಟ್ಟನ್ನೇ ಹೊರಗೆ ಬಿಟ್ಟರು. ತಮ್ಮ ಈಗಿನ ಮೈದಾನ ಓಲ್ಡ್ ಟ್ರಾಫರ್ಡ್ ಪಕ್ಕದಲ್ಲೇ 1,00,000 ಸೀಟಿನ ಹೊಸ ಕ್ರೀಡಾಂಗಣ. ಖರ್ಚು ಸುಮಾರು 200 ಕೋಟಿ ಪೌಂಡ್. 200 ಮೀಟರ್ ಎತ್ತರದ ಮೂರು ಕಂಬ, ಅವುಗಳಿಂದ ಇಳಿಬಿಟ್ಟ ಭಾರಿ ಕೊಡೆ. ವಿನ್ಯಾಸ ಹೆಸರಾಂತ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯದು. ಸಾಮಾನ್ಯ ಮನುಷ್ಯರೇನಲ್ಲ. ಆದರೆ ಅಭಿಮಾನಿಗಳ ಬಾಯಿಂದ ಮೊದಲು ಬಂದ ಮಾತು, ಸರ್ಕಸ್ ಟೆಂಟು. ಅದಕ್ಕೆ ಎದುರಾಳಿಗಳು, ಈಗಿರುವ ತಂಡಕ್ಕೆ ಸರಿಯಾಗಿ ಒಪ್ಪುತ್ತದೆ ಬಿಡಿ ಅಂದರು.

ಹಾಗಂತ ಹಳೆಯದು ಅರಮನೆಯಾ? ಅದೂ ಅಲ್ಲ. 2024ರ ಮೇ ತಿಂಗಳಲ್ಲಿ ಆರ್ಸೆನಲ್ ಜೊತೆಗಿನ ಆಟ ಮುಗಿಯುವ ಹೊತ್ತಿಗೆ ಮಳೆ ಹೊಯ್ದು, ಓಲ್ಡ್ ಟ್ರಾಫರ್ಡ್ ಛಾವಣಿಯ ಮೂಲೆಯಿಂದ ಜಲಪಾತ ಧುಮುಕಿದ್ದನ್ನು ಜಗತ್ತೆಲ್ಲ ನೋಡಿತು. ಆವಾಗ ಇದೇ ಅಭಿಮಾನಿಗಳು, ಮಾಲೀಕರು ಕ್ರೀಡಾಂಗಣವನ್ನು ಹಾಳುಗೆಡವಿದರು ಎಂದು ಕೂಗಾಡಿದರು. ರಿಪೇರಿ ಮಾಡಲಿಲ್ಲ ಎಂದರೂ ಸಿಟ್ಟು, ಹೊಸದು ಕಟ್ಟುತ್ತೇವೆ ಎಂದರೂ ಸಿಟ್ಟು. ಇದಕ್ಕೆ ಕಾರಣ ಒಂದಿದೆ. ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಆರ್ಸೆನಲ್ ಅಂದಾಗ ನೆನಪಾಯಿತು. ನನ್ನ ಗೆಳೆಯನೊಬ್ಬ ಆ ತಂಡದ ಕಟ್ಟಾ ಅಭಿಮಾನಿ. ತಂಡ 2006ರಲ್ಲಿ ಹೈಬರಿ ಬಿಟ್ಟು 60,000 ಸೀಟಿನ ಎಮಿರೇಟ್ಸ್‌ಗೆ ಹೋಯಿತು. ಅವತ್ತಿನಿಂದ ಇವನದು ಒಂದೇ ರಾಗ. ಹೊಸ ಜಾಗದಲ್ಲಿ ಸದ್ದೇ ಇಲ್ಲವಂತೆ, ಹೈಬರಿಯ ಗದ್ದಲವೇ ಗದ್ದಲವಂತೆ. ನಾನು ಸುಮ್ನೆ ಕೇಳಿಸಿಕೊಳ್ಳುತ್ತೇನೆ. ಹೈಬರಿಗೆ ಎದುರಾಳಿ ಅಭಿಮಾನಿಗಳು ಇಟ್ಟಿದ್ದ ಅಡ್ಡಹೆಸರು 'ಲೈಬ್ರರಿ'. ಅದನ್ನು ನೆನಪಿಸಿದರೆ ಎರಡು ವಾರ ಫೋನ್ ಎತ್ತುವುದಿಲ್ಲ. ಆ ಹೈಬರಿ ಈಗ ಅಪಾರ್ಟ್‌ಮೆಂಟ್. ಆಟ ನಡೆಯುತ್ತಿದ್ದ ಜಾಗದಲ್ಲಿ ಹೂದೋಟ. ಈಗ ನಿಜವಾಗಿಯೂ ಲೈಬ್ರರಿಯಷ್ಟೇ ನಿಶ್ಶಬ್ದವಾಗಿರಬೇಕು.

ಕಂಬಗಳ ಕಥೆ ಇನ್ನೂ ಮಜಾ. ಲಿವರ್‌ಪೂಲ್ ನಗರದ ಎವರ್ಟನ್ ತಂಡ 1892ರಿಂದ ಗೂಡಿಸನ್ ಪಾರ್ಕ್‌ನಲ್ಲಿತ್ತು. ಅಲ್ಲಿನ ಸ್ಟ್ಯಾಂಡ್‌ಗಳಿಗೆ ಆರ್ಚಿಬಾಲ್ಡ್ ಲೀಚ್ ಎಂಬ ಗ್ಲಾಸ್ಗೋ ಎಂಜಿನಿಯರನ ಕೈ ಸೋಕಿತ್ತು. ಮೊದಲು ಕಾರ್ಖಾನೆಗಳನ್ನು ಕಟ್ಟುತ್ತಿದ್ದ ಮನುಷ್ಯ. ಬಾಲ್ಕನಿಯ ಮುಂದೆ ಅಡ್ಡಡ್ಡ ಹೆಣೆದ ಕಬ್ಬಿಣದ ಪಟ್ಟಿ ಅವನ ರುಜು ಇದ್ದ ಹಾಗೆ. ಛಾವಣಿ ಹೊರುವುದಕ್ಕೆ ನಡುನಡುವೆ ಕಂಬಗಳು. ಕಂಬದ ಹಿಂದೆ ಸೀಟು ಸಿಕ್ಕಿದವನ ಪಾಡು ಕೇಳಬೇಡಿ. ಚೆಂಡು ಎಡಕ್ಕೆ ಹೋದರೆ ಪಕ್ಕದವನ ಹೆಗಲ ಮೇಲೆ ವಾಲಬೇಕು. ಬಲಕ್ಕೆ ಬಂದರೆ ಆ ಕಡೆಯವನ ಹೆಗಲು. ಪೆನಾಲ್ಟಿ ಸ್ಪಾಟಿಗೆ ಸರಿಯಾಗಿ ಕಂಬ ಅಡ್ಡ ಬಂದರೆ ಜನರ ಕೂಗು ಕೇಳಿ ಗೋಲಾಯಿತೋ ಇಲ್ಲವೋ ತಿಳಿದುಕೊಳ್ಳಬೇಕು. ಇಷ್ಟಾಗಿಯೂ ಟಿಕೆಟ್ ದುಡ್ಡು ಕೊಟ್ಟೇ ಕೂರುತ್ತಿದ್ದರು. ಪುಕ್ಕಟೆ ಅಲ್ಲ.

2025ರ ಮೇ 18ರಂದು ಗಂಡಸರ ತಂಡ ಅಲ್ಲಿ ಕೊನೆಯ ಆಟ ಆಡಿತು. ಸೌತಾಂಪ್ಟನ್ ಮೇಲೆ 2-0. ದೊಡ್ಡ ದೊಡ್ಡ ಗಂಡಸರು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಈಗ ಮರ್ಸಿ ನದಿಯ ದಂಡೆಯಲ್ಲಿ, ಹಳೆಯ ಹಡಗುಕಟ್ಟೆಯ ಮೇಲೆ ಹೊಸ ಮನೆ. ಸುಮಾರು 53,000 ಸೀಟು. ಒಂದು ಕಂಬವೂ ಅಡ್ಡ ಬರುವುದಿಲ್ಲ. ಸಂತೋಷವಾಯಿತಾ? ಆಗುತ್ತದೆಯೇ! ಆಟ ಮುಗಿದ ಮೇಲೆ ರೈಲು ನಿಲ್ದಾಣದಲ್ಲಿ ಕ್ಯೂ ಜಾಸ್ತಿ, ನದಿಯ ಕಡೆಯಿಂದ ಗಾಳಿ ಜಾಸ್ತಿ. ಗಾಳಿಗೆ ಅಡ್ಡವಾಗಿ ಒಂದು ಕಂಬವಾದರೂ ಇದ್ದಿದ್ದರೆ ಅನ್ನುವುದೊಂದು ಬಾಕಿ.

ಇಷ್ಟು ಹೊತ್ತು ನಗುತ್ತಾ ಹೇಳಿದೆ. ಆದರೆ 'ಹಳೆಯ ಕಾಲವೇ ಚೆನ್ನ, ನಿಂತು ನೋಡುತ್ತಿದ್ದ ಕಾಲ' ಎಂದು ಯಾರಾದರೂ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟರೆ ನನಗೆ ನಿಜವಾಗಿಯೂ ಕೋಪ ಬರುತ್ತದೆ. 1985ರ ಮೇ 11ರಂದು ಬ್ರ್ಯಾಡ್‌ಫರ್ಡ್‌ನಲ್ಲಿ ಮರದ ಹಳೇ ಸ್ಟ್ಯಾಂಡ್‌ಗೆ ಬೆಂಕಿ ಬಿದ್ದು 56 ಜನ ಸತ್ತರು. ಅಡಿಯಲ್ಲಿ ವರ್ಷಗಟ್ಟಲೆ ಕಸ ಬಿದ್ದಿತ್ತು. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲಿಗೆ ಸಿಕ್ಕು ಸತ್ತವರು 97 ಜನ. ಆಮೇಲೆ ಆ ದುರಂತದ ತನಿಖೆ ಮಾಡಿದ 1990ರ ಟೇಲರ್ ವರದಿ ಬಂದು, ದೊಡ್ಡ ಕ್ಲಬ್‌ಗಳು ಎಲ್ಲರಿಗೂ ಸೀಟು ಹಾಕಿದವು. ಅರ್ಧಕ್ಕರ್ಧ ಹಳೆಯ ಕ್ರೀಡಾಂಗಣಗಳು ಬದಲಾಗಿದ್ದೇ ಇದಕ್ಕೆ. ಬೇಲಿಯೊಳಗೆ ಜನರನ್ನು ತುಂಬುತ್ತಿದ್ದ ಕಾಲವನ್ನು ನೆನೆದು ಹಾಡು ಕಟ್ಟುವವರಿಗೆ ಎರಡು ಬಿಡಬೇಕು ಅನಿಸುತ್ತದೆ. ಇರಲಿ.

ಅಭಿಮಾನಿಗಳ ಹಟ ಏನೆಂದು ನೋಡಬೇಕಾದರೆ ಚಾರ್ಲ್ಟನ್ ಅಥ್ಲೆಟಿಕ್ ಕಥೆ ಕೇಳಬೇಕು. ಇದನ್ನು ಚಿಕ್ಕದಾಗಿ ಹೇಳುವ ಶಕ್ತಿ ನನಗಿಲ್ಲ.

ಆಗ್ನೇಯ ಲಂಡನ್ನಿನ ತಂಡ ಇದು. ಇವರ ಮೈದಾನ ವ್ಯಾಲಿ. ಮರಳು, ಸುಣ್ಣಕಲ್ಲು ತೆಗೆದು ಬಿಟ್ಟಿದ್ದ ಹಳೆಯ ಗುಂಡಿಯನ್ನು 1919ರಲ್ಲಿ ಊರವರೇ ಸಲಿಕೆ ಹಿಡಿದು ಅಗೆದು ಸಮ ಮಾಡಿದ್ದು. 1938ರಲ್ಲಿ ಆಸ್ಟನ್ ವಿಲ್ಲಾ ಜೊತೆ ಆಟ ನಡೆದಾಗ ಅಲ್ಲಿ 75,031 ಜನ ಸೇರಿದ್ದರು. ಈ ತಂಡದ ಗೋಲ್‌ಕೀಪರ್ ಸ್ಯಾಮ್ ಬಾರ್ಟ್ರಮ್ ಅವರದ್ದೊಂದು ಕಥೆ ಇದೆ. 1937ರ ಕ್ರಿಸ್‌ಮಸ್ ದಿನ ಚೆಲ್ಸಿ ಜೊತೆ ಆಡುವಾಗ ದಟ್ಟ ಮಂಜು ಕವಿಯಿತು. ಆಟ ರದ್ದಾಗಿ ಎಲ್ಲರೂ ಒಳಗೆ ಹೋದರು. ಬಾರ್ಟ್ರಮ್‌ಗೆ ಗೊತ್ತಾಗಲಿಲ್ಲ. ನಮ್ಮವರು ಆ ತುದಿಯಲ್ಲಿ ಎದುರಾಳಿಗಳನ್ನು ಅರೆಯುತ್ತಿದ್ದಾರೆ ಎಂದುಕೊಂಡು ಗೋಲಿನ ಮುಂದೆ ಕಾವಲು ನಿಂತೇ ಇದ್ದರು. ಕೊನೆಗೆ ಮಂಜಿನೊಳಗಿಂದ ಒಬ್ಬ ಪೊಲೀಸ್ ಬಂದು, ಆಟ ಎಂದೋ ನಿಂತಿದೆ ಮಾರಾಯ ಎಂದು ಹೇಳಬೇಕಾಯಿತು. ಇದನ್ನು ಬಾರ್ಟ್ರಮ್ ಅವರೇ ಹೇಳಿಕೊಂಡಿದ್ದಾರೆ. ಈಗ ವ್ಯಾಲಿಯ ಮುಂದೆ ಅವರ ಪ್ರತಿಮೆ ಇದೆ. ಮೈದಾನ ಬಿಟ್ಟು ಕದಲದ ಜಾತಿ ಇದು ಅನ್ನುವುದಕ್ಕೆ ಈ ಮಾತು.

1985ರಲ್ಲಿ ಕ್ಲಬ್ ಕೈಯಲ್ಲಿ ಕಾಸಿರಲಿಲ್ಲ. ಮೈದಾನ ಬೇರೆಯವರ ಹೆಸರಲ್ಲಿತ್ತು. ಬ್ರ್ಯಾಡ್‌ಫರ್ಡ್ ಬೆಂಕಿಯ ನಂತರ ಸುರಕ್ಷತೆಯ ತಕರಾರು ಬೇರೆ. ಸೆಪ್ಟೆಂಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಜೊತೆ ಆಟ ನೋಡಲು ಬಂದವರ ಕೈಗೆ ಗೇಟಿನಲ್ಲಿ ಒಂದು ಚೀಟಿ ಕೊಟ್ಟರು. ಇನ್ನು ಮೇಲೆ ನಮ್ಮ ಆಟ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ ಎಂದು ಅದರಲ್ಲಿತ್ತು. ಸೆಲ್‌ಹರ್ಸ್ಟ್ ಪಾರ್ಕ್ ಯಾರದ್ದು? ಅದೇ ಕ್ರಿಸ್ಟಲ್ ಪ್ಯಾಲೇಸ್‌ನದು. ಎದುರಾಳಿ ಪಕ್ಕದಲ್ಲೇ ಕೂತಿರುವಾಗ, ನಾಳೆಯಿಂದ ನೀವು ಇವರ ಮನೆಯಲ್ಲಿ ಬಾಡಿಗೆಗೆ ಎಂದು ಹೇಳುವ ಸಮಯಪ್ರಜ್ಞೆ ನೋಡಿ. ಎರಡು ವಾರದಲ್ಲಿ ವ್ಯಾಲಿಗೆ ಬೀಗ ಬಿತ್ತು.

ತಮಾಷೆ ಏನೆಂದರೆ ಬಾಡಿಗೆ ಮನೆಯಲ್ಲಿದ್ದಾಗಲೇ ತಂಡ ಮೇಲಿನ ಡಿವಿಷನ್‌ಗೆ ಬಡ್ತಿ ಪಡೆಯಿತು. ಬೇರೆ ಯಾರಾದರೂ ಆಗಿದ್ದರೆ ಜಾಗ ಕೂಡಿಬಂತು ಎಂದು ಅಲ್ಲೇ ಇದ್ದುಬಿಡುತ್ತಿದ್ದರು. ಇವರು ಬಿಡಲಿಲ್ಲ. ಪತ್ರಿಕೆ ಶುರು ಮಾಡಿದರು, ಸಭೆ ನಡೆಸಿದರು, ಕ್ಲಬ್‌ನವರ ತಲೆ ತಿಂದರು. 1989ರಲ್ಲಿ ಕ್ಲಬ್ ವಾಪಸ್ ಹೋಗಲು ಒಪ್ಪಿದಾಗ ಅಭಿಮಾನಿಗಳೇ ಗುಂಪುಗುಂಪಾಗಿ ಬಂದು ಮೈದಾನ ಸ್ವಚ್ಛ ಮಾಡಿದರು. ನಿಲ್ಲುವ ಮೆಟ್ಟಿಲುಗಳ ಸಂದಿಯಲ್ಲಿ ಆಳೆತ್ತರ ಗಿಡ ಬೆಳೆದಿತ್ತು. ಕಿತ್ತು ತಂದು ಮೈದಾನದ ಮಧ್ಯೆ ಗುಡ್ಡೆ ಹಾಕಿ ಬೆಂಕಿ ಕೊಟ್ಟರು.

ಇನ್ನೇನು ಮುಗಿಯಿತು ಅನ್ನುವಾಗ 1990ರ ಜನವರಿಯಲ್ಲಿ ಅಲ್ಲಿನ ಸ್ಥಳೀಯ ಆಡಳಿತ ಗ್ರೆನಿಚ್ ಕೌನ್ಸಿಲ್ ಅಡ್ಡಗಾಲು ಹಾಕಿತು. ಹೊಸ ಕಟ್ಟಡದ ನಕ್ಷೆಗೆ ಅನುಮತಿ ಇಲ್ಲ. ಆಗ ಇವರು ಮಾಡಿದ್ದೇನು ಗೊತ್ತಾ? ಧರಣಿ ಅಲ್ಲ, ಕೋರ್ಟು ಅಲ್ಲ. ಪಕ್ಷ ಕಟ್ಟಿದರು. ಹೆಸರು ವ್ಯಾಲಿ ಪಾರ್ಟಿ. ಮೇ ತಿಂಗಳ ಸ್ಥಳೀಯ ಚುನಾವಣೆಗೆ 60 ಅಭ್ಯರ್ಥಿಗಳನ್ನು ನಿಲ್ಲಿಸಿದರು. ತಮ್ಮ ಪರ ಇದ್ದ ಕೌನ್ಸಿಲರ್‌ಗಳ ವಾರ್ಡುಗಳನ್ನು ಮಾತ್ರ ಮರ್ಯಾದೆಯಿಂದ ಬಿಟ್ಟುಕೊಟ್ಟರು. ಊರ ತುಂಬ ದೊಡ್ಡ ಪೋಸ್ಟರ್. ಪ್ರಣಾಳಿಕೆ ಒಂದೇ: ನಮ್ಮ ಮೈದಾನ ನಮಗೆ ಕೊಡಿ. ರಸ್ತೆ, ಚರಂಡಿ, ಶಾಲೆ ಯಾವುದರ ಗೊಡವೆಯೂ ಇಲ್ಲ. ಇಷ್ಟು ಪ್ರಾಮಾಣಿಕ ಪ್ರಣಾಳಿಕೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಬಿದ್ದ ಮತ 14,838. ಶೇಕಡಾ 11ರ ಹತ್ತಿರ. ಸೀಟು ಒಂದೂ ಇಲ್ಲ. ಆದರೆ ಅನುಮತಿ ನಿರಾಕರಿಸಿದ ಯೋಜನಾ ಸಮಿತಿಯ ಅಧ್ಯಕ್ಷರು ಮನೆಗೆ ಹೋದರು. ಮರುವರ್ಷ ಕೌನ್ಸಿಲ್ ತೆಪ್ಪಗೆ ಅನುಮತಿ ಕೊಟ್ಟಿತು. ಗೆಲ್ಲದೆ ಗೆದ್ದವರು ಅಂದರೆ ಇವರೇ. 1992ರ ಡಿಸೆಂಬರ್ 5ರಂದು ತಂಡ ವ್ಯಾಲಿಗೆ ವಾಪಸ್ ಬಂತು. ಎದುರಾಳಿ ಪೋರ್ಟ್ಸ್‌ಮತ್. ಆಟ ಶುರುವಾಗಿ ಏಳನೇ ನಿಮಿಷಕ್ಕೆ ಕಾಲಿನ್ ವಾಲ್ಷ್ ಗೋಲು ಹೊಡೆದರು. 1-0ಗೇ ಆಟ ಮುಗಿಯಿತು. ಉಳಿದ ಹೊತ್ತು ಏನು ನಡೆಯಿತು ಎಂದು ಯಾವ ಅಭಿಮಾನಿಯನ್ನೂ ಕೇಳಬೇಡಿ, ಅವರಾರೂ ಆಟ ನೋಡುವ ಸ್ಥಿತಿಯಲ್ಲಿ ಇದ್ದಿರಲಾರರು.

ಲಿವರ್‌ಪೂಲ್‌ನವರದ್ದು ಇನ್ನೊಂದು ದಾರಿ. ಅವರ ಮೈದಾನ ಆನ್‌ಫೀಲ್ಡ್‌ನ ಮೇನ್ ಸ್ಟ್ಯಾಂಡ್ ದೊಡ್ಡದಾಗುತ್ತಿದ್ದ 2016ರಲ್ಲಿ ಕ್ಲಬ್‌ನವರು ಅತಿ ದುಬಾರಿ ಟಿಕೆಟ್‌ಗೆ 77 ಪೌಂಡ್ ಎಂದು ಹೇಳಿದರು. ಫೆಬ್ರವರಿಯಲ್ಲಿ ಸಂಡರ್‌ಲೆಂಡ್ ಜೊತೆಗಿನ ಆಟದ 77ನೇ ನಿಮಿಷಕ್ಕೆ ಸರಿಯಾಗಿ ಸಾವಿರಾರು ಜನ ಎದ್ದು ಹೊರಗೆ ನಡೆದರು. ಆಗ ಲಿವರ್‌ಪೂಲ್ 2-0 ಮುಂದಿತ್ತು. ಇವರು ಹೋದ ಮೇಲೆ ಸಂಡರ್‌ಲೆಂಡ್ ಎರಡು ಗೋಲು ಹೊಡೆದು ಸಮ ಮಾಡಿತು. ಕೆಲವೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಏರಿಸುವ ಯೋಚನೆ ಬಿಟ್ಟರು. ಎರಡು ಪಾಯಿಂಟ್ ಹೋಯಿತು, ದುಡ್ಡು ಉಳಿಯಿತು. ಹೊಸ ಸ್ಟ್ಯಾಂಡ್ ಅಂದ ಕೂಡಲೇ ಅಭಿಮಾನಿ ಜೇಬು ಮುಟ್ಟಿ ನೋಡಿಕೊಳ್ಳುವುದು ಸುಮ್ನೆ ಅಲ್ಲ. ಚಿತ್ರದಲ್ಲಿ ಮೆತ್ತನೆಯ ಸೀಟು, ಗಾಜಿನ ಕೋಣೆ, ಒಳಗೆ ಊಟ ಎಲ್ಲ ತೋರಿಸುವವರು ರೇಟು ಮಾತ್ರ ಯಾಕೆ ಬರೆಯುವುದಿಲ್ಲ? ಸ್ಟೇಡಿಯಂ ದೊಡ್ಡದಾಗುವುದು ಹಳೆಯ ಗಿರಾಕಿಗಾಗಿ ಅಲ್ಲ, ವರ್ಷಕ್ಕೊಮ್ಮೆ ಬಂದು ಸೆಲ್ಫಿ ತೆಗೆದುಕೊಂಡು, ಅಂಗಡಿಯಲ್ಲಿ ಶಾಲು ಕೊಂಡು ಹೋಗುವವನಿಗಾಗಿ ಎಂಬ ಅನುಮಾನ ನನಗೂ ಇದೆ.

ಕಾರಣ ಹೇಳುತ್ತೇನೆ ಎಂದಿದ್ದೆ ಅಲ್ವಾ. ಅದು ಚೆಲ್ಸಿಯವರ ಕಥೆಯಲ್ಲೇ ಇದೆ. ತಮ್ಮ ಮೈದಾನ ಸ್ಟ್ಯಾಮ್‌ಫರ್ಡ್ ಬ್ರಿಜ್ ಬಿಲ್ಡರ್‌ಗಳ ಬಾಯಿಗೆ ಬೀಳಬಾರದೆಂದು 1993ರಲ್ಲಿ ಅಲ್ಲಿ ಒಂದು ಕಂಪನಿ ಹುಟ್ಟಿತು, ಚೆಲ್ಸಿ ಪಿಚ್ ಓನರ್ಸ್. ಷೇರು ಒಂದಕ್ಕೆ 100 ಪೌಂಡ್. ಕೊಂಡವರು ಅಭಿಮಾನಿಗಳು. ಇವತ್ತಿಗೂ ಸ್ಟ್ಯಾಮ್‌ಫರ್ಡ್ ಬ್ರಿಜ್‌ನ ಜಮೀನು ಈ ಕಂಪನಿಯದ್ದೇ. ತಂಡ ಜಾಗ ಬಿಟ್ಟು ಹೋದರೆ ಚೆಲ್ಸಿ ಫುಟ್‌ಬಾಲ್ ಕ್ಲಬ್ ಎಂಬ ಹೆಸರನ್ನೂ ಇಲ್ಲೇ ಬಿಟ್ಟು ಹೋಗಬೇಕು. 2011ರಲ್ಲಿ ಕ್ಲಬ್, ಜಮೀನು ನಮಗೇ ವಾಪಸ್ ಮಾರಿ ಎಂದು ಕೇಳಿತು. ಶೇಕಡಾ 75 ಮತ ಬೇಕಿತ್ತು. ಬಂದದ್ದು 61.6. ಅಂದರೆ ಕೊಟ್ಟುಬಿಡೋಣ ಎಂದವರೇ ಜಾಸ್ತಿ, ಆದರೂ ಕೊಡಲಿಲ್ಲ. ಸ್ಟ್ಯಾಮ್‌ಫರ್ಡ್ ಬ್ರಿಜ್ ಈಗಲೂ 40,000 ಚಿಲ್ಲರೆ ಸೀಟಿನಲ್ಲೇ ಇದೆ. ಟಾಟನಮ್‌ನವರು ಹಳೆಯದನ್ನು ಕೆಡವಿ 60,000 ದಾಟಿದರು, ಆರ್ಸೆನಲ್‌ನವರು ಎಂದೋ ದಾಟಿದ್ದರು. ಚೆಲ್ಸಿ ಅಭಿಮಾನಿಗಳು ಈಗ ಸಿಟ್ಟಿನಿಂದ ಕೇಳುತ್ತಿದ್ದಾರೆ: ಎಲ್ಲರದ್ದೂ ದೊಡ್ಡದಾಯಿತು, ನಮ್ಮ ಸ್ಟೇಡಿಯಂ ಬಗ್ಗೆ ಯಾರಿಗಾದರೂ ಕಾಳಜಿ ಇದೆಯಾ?