ಮೊದಲ ಮೂರು ಸೆಕೆಂಡಿನ ಪಾಠ ಬೇಕು
ವೈರಲ್ ವಿಡಿಯೋ ಮಾಡುವುದನ್ನು, ಹರಡುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುವುದು ವ್ಯರ್ಥ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರ ನಾನು. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬಿದ್ದು ವಾರದ ಮೇಲೆ ತೋಟವೆಲ್ಲ ಹೂವಿನಿಂದ ಬೆಳ್ಳಗಾದಾಗ ಮಗಳು ಒಂದು ವಿಡಿಯೋ ಮಾಡಿದಳು. ಮೊದಲು ಗೇಟು, ದಾರಿ, ಮನೆ ಎಲ್ಲ ತೋರಿಸಿದ್ದಳು, ಯಾರೂ ನೋಡಲಿಲ್ಲ. ಹೂವಿನ ಸಾಲನ್ನೇ ಮೊದಲ ಮೂರು ಸೆಕೆಂಡಿಗೆ ತಂದು, ತಂಬ್‌ನೇಲ್ (ವಿಡಿಯೋ ತೆರೆಯುವ ಮೊದಲು ಕಾಣುವ ಚಿತ್ರ) ಬದಲಿಸಿ ಮತ್ತೆ ಹಾಕಿದ ಮೇಲೆ ಜನ ಕೊನೆಯವರೆಗೂ ನೋಡಿದರು. ಎಷ್ಟು ಮಂದಿ ಕ್ಲಿಕ್ ಮಾಡಿದರು, ಎಷ್ಟು ಹೊತ್ತು ನೋಡಿದರು ಎಂದು ಲೆಕ್ಕ ಹಾಕಿಯೇ ಯೂಟ್ಯೂಬ್ ಇನ್ನೊಬ್ಬರಿಗೆ ತೋರಿಸುವುದು. ಇದು ಕೂತು ಕಲಿಯುವ ವಿದ್ಯೆಯೇ.

ಆದರೆ 2018ರ ಆಗಸ್ಟ್ ಮರೆಯಬೇಡಿ. ಗುಡ್ಡ ಕುಸಿದು ಜನ ಪರಿಹಾರ ಕೇಂದ್ರಗಳಲ್ಲಿದ್ದಾಗ ಎಲ್ಲೆಲ್ಲಿಯದೋ ಹಳೆಯ ವಿಡಿಯೋಗಳು ಕೊಡಗಿನವೆಂದು ನಮ್ಮ ವಾಟ್ಸಾಪ್‌ಗೆ ಬಂದವು. ಅತ್ತೆ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಒಂದು ದೃಶ್ಯ ಎಲ್ಲಿಯದು, ಯಾವತ್ತಿನದು ಎಂದು ಹುಡುಕಿ ನೋಡುವ ಪಾಠವೂ ಅದೇ ತರಗತಿಯಲ್ಲಿರಲಿ. 2023ರಲ್ಲಿ ಶುರುವಾದ ಕೊಡಗು ವಿಶ್ವವಿದ್ಯಾಲಯ ಇಲ್ಲೇ ಚಿಕ್ಕ ಅಳುವಾರದಲ್ಲಿದೆ. ಅಲ್ಲಿ ಇಂಥ ಕೋರ್ಸ್ ಬಂದರೆ ಮಗಳನ್ನು ಖಂಡಿತ ಸೇರಿಸುತ್ತೇನೆ.