ಐವತ್ತು, ಒಂದು ಆಚೀಚೆ

2031ರ ಮಾರ್ಚ್ ಹೊತ್ತಿಗೆ ಕೇಂದ್ರದ ಸಾಲ ಜಿಡಿಪಿಯ ಶೇ 50ಕ್ಕೆ ಇಳಿಯುತ್ತದಂತೆ. ಒಂದು ಆಚೆ, ಒಂದು ಈಚೆ. ಆ ಆಚೀಚೆಗೆ ನಾನು ಮಾರುಹೋದೆ. ಗುರಿ ಇಡುವಾಗಲೇ ನುಸುಳಲು ಸಂದು ಬಿಟ್ಟುಕೊಳ್ಳುವ ದೂರದೃಷ್ಟಿ ಎಲ್ಲರಿಗೂ ಬರುವಂಥದ್ದಲ್ಲ.

ಹಳೇ ಗುರಿ ಏನಾಯಿತು ಅನ್ನಬೇಡಿ. ಸರ್ಕಾರದ ಸಾಲ, ಕೊರತೆಗಳಿಗೆ ಕಡಿವಾಣ ಹಾಕುವ ಎಫ್‌ಆರ್‌ಬಿಎಂ ಕಾಯ್ದೆಗೆ 2018ರಲ್ಲಿ ಬರೆದು ಸೇರಿಸಿದ್ದು ಶೇ 40, ಅದೂ 2024-25ರೊಳಗೆ. ಆ ವರ್ಷವೂ ಬಂತು, ಹೋಯಿತು. ಸಾಲ ಶೇ 57ರ ಆಸುಪಾಸಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿತ್ತು. 2003ರಲ್ಲಿ ಕಾಯ್ದೆ ಬಂದಾಗ ರಾಜಸ್ವ ಕೊರತೆಯನ್ನೇ, ಅಂದರೆ ದಿನನಿತ್ಯದ ಖರ್ಚಿಗೆ ಆದಾಯ ಸಾಲದೆ ಬೀಳುವ ಕೊರತೆಯನ್ನೇ, ಇಲ್ಲವಾಗಿಸುತ್ತೇವೆ ಎಂದಿದ್ದರು. 2008 ಅಂದರು, 2009 ಅಂದರು, ಕಡೆಗೆ 2018ರ ಅದೇ ತಿದ್ದುಪಡಿಯಲ್ಲಿ ಆ ಗುರಿಯನ್ನೇ ಕಿತ್ತು ಹಾಕಿದರು. ಇದರಲ್ಲಿ ಪಕ್ಷಭೇದವಿಲ್ಲ. 2012ರಲ್ಲಿ ಯುಪಿಎ 'ಪರಿಣಾಮಕಾರಿ ರಾಜಸ್ವ ಕೊರತೆ' ಎಂಬ ಹೊಸ ಲೆಕ್ಕ ತಂದಿತ್ತು. ಕೊರತೆಯಲ್ಲಿ ಒಂದಷ್ಟನ್ನು ಕಳೆದುಬಿಟ್ಟರೆ ಕೊರತೆ ಕಡಿಮೆಯಾಗುತ್ತದೆ ಎಂಬ ಅಮೋಘ ಗಣಿತ.

ನನಗೆ ಅತಿ ಪ್ರಿಯವಾದದ್ದು ವಿನಾಯಿತಿಯ ಕಲಮು. ಯುದ್ಧ, ರಾಷ್ಟ್ರೀಯ ವಿಪತ್ತು, ಕೃಷಿ ಕುಸಿತ ಬಂದರೆ ವಿತ್ತೀಯ ಕೊರತೆ, ಅಂದರೆ ಆದಾಯ ಸಾಲದೆ ಸಾಲ ತಂದು ತುಂಬುವ ಮೊತ್ತ, ಗುರಿಯ ಗೆರೆಯನ್ನು ಜಿಡಿಪಿಯ ಅರ್ಧ ಪರ್ಸೆಂಟಿನಷ್ಟು ದಾಟಬಹುದು. ಸರಿ. ಜೊತೆಗೆ, ಸರ್ಕಾರ ತಾನೇ ಮಾಡಿದ ಸುಧಾರಣೆಯಿಂದ ಖಜಾನೆಗೆ ಅನಿರೀಕ್ಷಿತ ಹೊಡೆತ ಬಿದ್ದರೂ ದಾಟಬಹುದು! 2019ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟ್ ತೆರಿಗೆ ಶೇ 30ರಿಂದ 22ಕ್ಕೆ ಇಳಿಯಿತು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಅರ್ಥ ಸಚಿವೆ ಅದೇ ದಿನ ಲೆಕ್ಕ ಕೊಟ್ಟರು. ನಾಲ್ಕು ತಿಂಗಳಾದ ಮೇಲೆ, 2020ರ ಬಜೆಟ್‌ನಲ್ಲಿ, ಇದೇ ಕಲಮು ಹಿಡಿದು ಆ ವರ್ಷದ ಕೊರತೆಯ ಗುರಿಯನ್ನು ಜಿಡಿಪಿಯ ಶೇ 3.3ರಿಂದ 3.8ಕ್ಕೆ ಏರಿಸಿಕೊಂಡರು. ಪೂರಾ ಅರ್ಧ, ಒಂದು ಚೂರೂ ವ್ಯರ್ಥ ಮಾಡಲಿಲ್ಲ. ವರ್ಷದ ಕೊನೆಗೆ ನೋಡಿದರೆ 4.6.

ಶಿಕ್ಷೆ? ಉಂಟಲ್ಲ. ಸಚಿವರು ಎರಡೂ ಸದನಗಳಲ್ಲಿ ಒಂದು ವಿವರಣೆ ಕೊಡಬೇಕು. ಸಿವಿಲ್ ಕೋರ್ಟು ಕೇಳುವ ಹಾಗಿಲ್ಲ, ಅದನ್ನೂ ಕಾಯ್ದೆಯಲ್ಲೇ ಬರೆದುಕೊಂಡಿದ್ದಾರೆ.

ಸಾಲ ಮಾಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ಕೋವಿಡ್ ವರ್ಷದಲ್ಲಿ ಕೊರತೆ ಶೇ 9.2 ಮುಟ್ಟಿತು, ಮುಟ್ಟಲೇಬೇಕಿತ್ತು. ಇನ್ನೂ ಖರ್ಚು ಮಾಡಿದ್ದರೂ ಬೇಸರವಿರಲಿಲ್ಲ. ಬೇಸರ ಈ ನಾಟಕದ್ದು. 2025-26ರ ಬಜೆಟ್‌ನಲ್ಲಿ 50.65 ಲಕ್ಷ ಕೋಟಿ ಖರ್ಚಿನಲ್ಲಿ ಬಡ್ಡಿಗೇ 12.76 ಲಕ್ಷ ಕೋಟಿ. ರೂಪಾಯಿಗೆ ನಾಲ್ಕಾಣೆ. ಕಟ್ಟುವವರು ನಾವು, ಲೆಕ್ಕ ನಮಗೇ ಮುಚ್ಚಿಡುತ್ತಾರೆ.

ಮುಚ್ಚಿಡುವುದು ಅಂದರೆ ಹೀಗೆ. ಪಡಿತರದ ಧಾನ್ಯ ಕೊಂಡು ಒದಗಿಸುವ ಭಾರತ ಆಹಾರ ನಿಗಮಕ್ಕೆ ಕೊಡಬೇಕಾದ ಸಬ್ಸಿಡಿಯನ್ನು ಪೂರ್ತಿ ಕೊಡದೆ, ಜನ ಪೋಸ್ಟಾಫೀಸಿನಲ್ಲಿ ಕೂಡಿಟ್ಟ ಸಣ್ಣ ಉಳಿತಾಯದ ಹಣವನ್ನೇ ಸಾಲವಾಗಿ ಕೊಡಿಸಿದರು. ಸಾಲ ನಿಗಮದ ಹೆಸರಲ್ಲಿ, ಬಜೆಟ್ ಮಡಿ ಮಡಿ. 2021ರ ಫೆಬ್ರುವರಿಯಲ್ಲಿ ಗಂಟು ಬಿಚ್ಚಿದಾಗ ಆ ವರ್ಷದ ಆಹಾರ ಸಬ್ಸಿಡಿ 1.16 ಲಕ್ಷ ಕೋಟಿಯಿಂದ 4.22 ಲಕ್ಷ ಕೋಟಿಗೆ ಜಿಗಿಯಿತು. ಕೋವಿಡ್ ಕಾಲದ ಉಚಿತ ಧಾನ್ಯವೂ ಅದರಲ್ಲಿತ್ತು, ಹಳೇ ಬಾಕಿಯೂ ಇತ್ತು.

ಮರುವರ್ಷವೇ ಕೇರಳಕ್ಕೆ ಪಾಠ ಶುರು. ನಿಮ್ಮ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿ ಬಜೆಟ್ಟಿನ ಹೊರಗೆ ಮಾಡಿದ ಸಾಲವೂ ರಾಜ್ಯದ್ದೇ ಸಾಲ, ನಿಮ್ಮ ಸಾಲದ ಮಿತಿಯಲ್ಲಿ ಕಡಿತ ಮಾಡುತ್ತೇವೆ ಎಂದಿತು ಕೇಂದ್ರ. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಕೇಂದ್ರ ಬೆರಳು ತೋರಿಸಿದ್ದು ರಾಜ್ಯದ ಆರ್ಥಿಕ ಅಶಿಸ್ತಿನ ಕಡೆಗೆ.